ಸೋಮವಾರ ಬಿಚ್ಚಿದ ಅಲಗುಗಳು

ಊಟಕ್ಕೆ ಕುಳಿತವನು ನಡುವೆ ಏಳಬಾರದೆಂಬ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ಗೋಡೆಯ ಆಚೆ ಯಾರೋ ಯಂತ್ರವೊಂದನ್ನು ಬಿಚ್ಚುತ್ತಿದ್ದಾರೆಂದು ಗೊತ್ತಾದ ಮೇಲೂ ರೊಟ್ಟಿ ಮುರಿಯುತ್ತ ಕುಳಿತಿರುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಿದ್ದ ಸದ್ದನ್ನು ನನ್ನ ಕಿವಿ ಉಳಿದೆಲ್ಲ ಸದ್ದುಗಳಿಂದ ಬೇರ್ಪಡಿಸಿ ಗುರುತಿಸುತ್ತದೆ. ಅದು ಕೇಳಿಸಿದರೆ ಕೈ ತೊಳೆದುಕೊಂಡು, ಕೆಲವೊಮ್ಮೆ ತೊಳೆಯದೆಯೂ, ನಾನು ಓಣಿಗೆ ಇಳಿದಿರುತ್ತೇನೆ.

"ಮದುವಿ ಮನಿಗಿ ಕರದರ ಮೊಣಕಾಲ ನೋವು ಅಂತೀರಿ. ನಟ್ಟು ಬಿಚ್ಚೂ ಮನಿಗಿ ಕರಿಯದಿದ್ರೂ ಓಡ್ತೀರಿ" ಎಂಬುದು ಈ ವಿಷಯದಲ್ಲಿ ನನ್ನ ಹೆಂಡತಿಯ ಸ್ಥಿರವಾದ ಅಭಿಪ್ರಾಯ. ಅದನ್ನು ಖಂಡಿಸುವ ಆಧಾರ ಇದುವರೆಗೆ ನನಗೆ ದೊರೆತಿಲ್ಲ.

ಬಸವನ ಬಾಗೇವಾಡಿಯಲ್ಲಿ ನಾನು ಬಹುಕಾಲ ಹಿಟ್ಟಿನ ಗಿರಣಿ ನಡೆಸಿದವನು. ನನ್ನ ಶಾಲೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೇ ಮುಗಿಯಿತು. ಉಳಿದ ವಿದ್ಯೆಯನ್ನು ಜೋಳ ಬೀಸಲು ಬಂದವರು ಸರದಿ ಕಾಯುವಾಗ ಬಿಟ್ಟುಹೋದ ಪತ್ರಿಕೆಗಳಿಂದಲೂ, ಗ್ರಂಥಾಲಯದಲ್ಲಿ ಬೇರೆ ಯಾರೂ ಮುಟ್ಟದ ಪುಸ್ತಕಗಳಿಂದಲೂ ಕೂಡಿಸಿಕೊಂಡೆ. ಹೀಗೆ ಗುರುವಿಲ್ಲದೆ ಓದಿದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾರು ಏನೇ ಹೇಳಿದರೂ "ಇದನ್ನು ಮೊದಲು ಹೇಳಿದವನು ಕಣ್ಣಾರೆ ಕಂಡಿದ್ದನೇ?" ಎಂದು ಕೇಳದೆ ಬಿಡುವುದಿಲ್ಲ. ಗಡ್ಡದ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಉಜ್ಜಿದರೆ ಹೊಸದಾಗುತ್ತದೆಂದು ನಮ್ಮ ಕಡೆಯ ಅರ್ಧ ಗಂಡಸರು ನಂಬಿದ್ದಾರೆ. ನಾನು ಒಂದು ಬ್ಲೇಡನ್ನು ಎರಡಾಗಿ ಮುರಿದು, ಒಂದರ್ಧವನ್ನು ಉಜ್ಜಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎಡಗೆನ್ನೆಗೊಂದು ಬಲಗೆನ್ನೆಗೊಂದರಂತೆ ಬಳಸಿ ನೋಡಿದೆ. ಎರಡೂ ಕೆನ್ನೆಗಳಲ್ಲಿ ರಕ್ತ ಬಂದದ್ದರಿಂದ ಸತ್ಯವು ಈಗಲೂ ಅನಿರ್ಣೀತವಾಗಿದೆ.

ಇಂಥ ನನ್ನ ಮನೆಯ ಗೋಡೆಗೆ ಹೊಂದಿಕೊಂಡೇ ಕಾಳಪ್ಪ ಬಡಿಗೇರನ ಕಾರ್ಖಾನೆ ಇದೆ. ಕಾರ್ಖಾನೆಯೆಂದರೆ ತಗಡಿನ ಚಾವಣಿ, ಎರಡು ಕಟ್ಟಿಗೆಯ ಮಂಚ, ಗೋಡೆಯ ತುಂಬ ಉಳಿ ಬಾಚಿಗಳು. ಕಾಳಪ್ಪ ನನ್ನ ಸಮವಯಸ್ಕ. ಕೈಯಿಂದ ತಳ್ಳುವ ರಂಧಾ ಹಿಡಿದು ಅವನು ಹೆರೆದ ಬಾಗಿಲುಗಳು ಮನಗೂಳಿಯಿಂದ ಮುದ್ದೇಬಿಹಾಳದವರೆಗೆ ನಿಂತಿವೆ. ಅವನ ಮಗ ಮೌನೇಶನೂ ಅದೇ ಕಸುಬಿನವನು, ಕೈಗುಣದಲ್ಲಿ ತಂದೆಗೆ ಸರಿಸಾಟಿ. ಆದರೆ ಮರ ಹೆರೆದು ಹೆರೆದು ಅವನ ಬಲಭುಜ ಕೈಕೊಟ್ಟಿತು. ತೋಳನ್ನು ತಲೆಯ ಮೇಲಕ್ಕೆ ಎತ್ತಲಾರದೆ ಅಂಗಿಯನ್ನು ಹೆಂಡತಿಯಿಂದ ತೊಡಿಸಿಕೊಳ್ಳುವ ಸ್ಥಿತಿ ಬಂತು. ವಿಜಾಪುರದ ವೈದ್ಯರು ರಂಧಾ ಬಿಡಬೇಕೆಂದರು. ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿಯಿಟ್ಟಿದ್ದ ಅವನ ಹೆಂಡತಿಯ ಅಣ್ಣ ಬಂದು ಹಣದ ಗಲ್ಲೆಯ ಪಕ್ಕದಲ್ಲಿ ಕೂರುವಂತೆ ಪ್ರೀತಿಯಿಂದಲೇ ಕರೆದ.

"ಗಜಾ ಹಿಡದು ಅರಬಿ ಅಳಿಯೂದು ನನ್ನ ಕೈಲೆ ಆಗೂದಿಲ್ಲ ಕಾಕಾ" ಎಂದು ಮೌನೇಶ ನನ್ನೆದುರು ಒಮ್ಮೆ ಹೇಳಿದ್ದ. "ಮರದ ವಾಸನಿ ಇಲ್ಲದ ಜಾಗಾದಾಗ ನನಗ ನಿದ್ದಿನೂ ಬರೂದಿಲ್ಲ."

ಈ ಸಂಕಟಕ್ಕೆ ಪರಿಹಾರವಾಗಿ ಹುಬ್ಬಳ್ಳಿಯ ಕಡೆಯಿಂದ ಒಂದು ಯಂತ್ರ ಬಂತು. ಜನ ಅದನ್ನು ಥಿಕ್ನೆಸ್ ಮಷಿನ್ ಎನ್ನುತ್ತಾರೆ. ಕಾಳಪ್ಪ ಕೊನೆಯವರೆಗೂ ಅದನ್ನು "ಕಬ್ಬಿಣದ ಎತ್ತು" ಎಂದೇ ಕರೆದ. ಬೀಡುಕಬ್ಬಿಣದ ಭಾರವಾದ ಮೈ. ನಡುವೆ ಒಂದು ದುಂಡನೆಯ ಉರುಳೆ. ಉರುಳೆಯ ಮೈಯಲ್ಲಿ ಉದ್ದುದ್ದ ಸೀಳುಗಳು. ಒಂದೊಂದು ಸೀಳಿನಲ್ಲಿ ಒಂದೊಂದರಂತೆ ಮೂರು ಅಲಗುಗಳು. ಈ ಬದಿಯಿಂದ ಒರಟು ಹಲಗೆಯನ್ನು ತಳ್ಳಿದರೆ ಉರುಳೆ ಅದನ್ನು ಮೇಲಿನಿಂದ ಹೆರೆಯುತ್ತದೆ. ಆ ಬದಿಯಿಂದ ಹಲಗೆ ಉದ್ದಕ್ಕೂ ಒಂದೇ ದಪ್ಪವಾಗಿ, ಬೆಣ್ಣೆ ಸವರಿದಂತೆ ಹೊರಬರುತ್ತದೆ. ಮೊದಲ ದಿನ ಅದನ್ನು ಕಂಡಾಗ ನನಗಾದ ರೋಮಾಂಚನವನ್ನು ಹೇಗೆ ವರ್ಣಿಸಲಿ? ದಿನವೊಪ್ಪತ್ತಿನ ಭುಜದ ನೋವು ಒಂದು ವೀಳ್ಯ ಜಗಿಯುವಷ್ಟರಲ್ಲಿ ಹೊಟ್ಟಾಗಿ ಹಾರಿಹೋಗಿತ್ತು. ನಾನು ಆ ಹೊಟ್ಟನ್ನು ಬೊಗಸೆಯಲ್ಲಿ ತುಂಬಿಕೊಂಡು ಮನೆಗೆ ಒಯ್ದು ಹೆಂಡತಿಗೆ ತೋರಿಸಿದೆ. ಅವಳು ಅದನ್ನು ಒಲೆಗೆ ಹಾಕಿದಳು.

ಕಾಳಪ್ಪ ಮಾತ್ರ ಮಾರಿದವರಿಗೆ ಒಂದು ಷರತ್ತು ಹಾಕಿದ್ದ. ಯಂತ್ರದ ಕೆಲಸ ತನ್ನ ರಂಧಾದ ಕೆಲಸಕ್ಕೆ ಸಮನಾಗದಿದ್ದರೆ ಅವರು ಅದನ್ನು ಮರಳಿ ಒಯ್ಯಬೇಕು. ಅದು ಹೋದರೆ ಮಗನೂ ಬಟ್ಟೆ ಅಂಗಡಿಗೆ ಹೋಗುತ್ತಾನೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹಾಕಿದ ಷರತ್ತು ಅದು. ಕೆಟ್ಟ ಬಾಗಿಲು ತನ್ನ ಮನೆಯಿಂದ ಹೊರಬೀಳುವುದಕ್ಕಿಂತ ಒಳ್ಳೆಯ ಮಗ ಹೊರಬೀಳುವುದು ವಾಸಿಯೆಂಬಷ್ಟು ಹಟಮಾರಿ. ಹಟಮಾರಿಗಳನ್ನು ನಾನು ಬೇಗ ಗುರುತಿಸುತ್ತೇನೆ. ಕನ್ನಡಿಯ ಅಭ್ಯಾಸವಿದೆ.

ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಸಿಂದಗಿಯ ಕಡೆಯಿಂದ ಬಂದ ಜಾಲಿ ಮತ್ತು ಬೇವಿನ ಹಲಗೆಗಳು ಅಲಗುಗಳ ಬಾಯಿಯನ್ನು ಮೊಂಡು ಮಾಡುವವರೆಗೆ.

ಅಲಗು ಮೊಂಡಾದುದನ್ನು ಕಣ್ಣಿಗಿಂತ ಮೊದಲು ಕಿವಿ ತಿಳಿಯುತ್ತದೆ. ಹಾಡುತ್ತಿದ್ದ ಯಂತ್ರ ಬಯ್ಯತೊಡಗುತ್ತದೆ. ಆಗ ಕೈಗೊಳ್ಳಬೇಕಾದ ವಿಧಿಗಳನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಯಾವ ಹೋಮವಿಧಿಗೂ ಅವು ಕಡಿಮೆಯಲ್ಲ. ಬರಿಯ ಸ್ವಿಚ್ಚನ್ನು ನಂಬದೆ ಮೋಟಾರಿನಿಂದ ಉರುಳೆಯನ್ನು ತಿರುಗಿಸುವ ಪಟ್ಟಾವನ್ನೇ ಕಳಚಬೇಕು. ಬೋಲ್ಟುಗಳನ್ನು ಸಡಿಲಿಸಿ, ಅಲಗನ್ನು ಒತ್ತಿ ಹಿಡಿದಿರುವ ಬೆಣೆಯನ್ನು ತೆಗೆಯಬೇಕು. ಅಲಗನ್ನು ಬೆರಳಿನಿಂದಲ್ಲ, ಬಟ್ಟೆ ಸುತ್ತಿದ ಬೆರಳಿನಿಂದ ಎತ್ತಬೇಕು. ಅದಕ್ಕಂಟಿದ ಮರದ ಅಂಟನ್ನು ಚಿಮಣಿ ಎಣ್ಣೆಯಿಂದ ತೊಳೆದು, ಸಾಣೆಕಲ್ಲಿನ ಮೇಲೆ ಮೂರಕ್ಕೂ ಸಮನಾಗಿ ಬಾಯಿ ಕಟ್ಟಬೇಕು. ಒಂದನ್ನು ಹೆಚ್ಚು ಉಜ್ಜಿದರೆ ಅದು ಗಿಡ್ಡಾಗಿ, ಉರುಳೆಯಲ್ಲಿ ಕುಳಿತಾಗ ಮರವನ್ನು ಮುಟ್ಟುವುದೇ ಇಲ್ಲ. ಮರಳಿ ಕೂರಿಸುವಾಗಲೂ ಒಂದು ತುದಿಯ ಬೋಲ್ಟನ್ನು ಒಮ್ಮೆಲೇ ಬಿಗಿಯಬಾರದು. ನಡುವಿನಿಂದ ಹೊರಟು ಆಚೆಗೊಂದಿಷ್ಟು ಈಚೆಗೊಂದಿಷ್ಟು ಬಿಗಿಯುತ್ತ ಹೋಗಬೇಕು. ಗಿರಣಿಯ ಸವೆದ ಕಲ್ಲನ್ನು ಉಳಿಯಿಂದ ಕೊರೆದು ಟಾಕಿ ಹಾಕುವುದರಲ್ಲಿ ಕೂದಲು ನರೆಸಿಕೊಂಡ ನನಗೆ ಇದೆಲ್ಲ ಹಳೆಯ ನೆಂಟರ ಮನೆಯಂತೆ ಕಂಡಿತು. ಅಲ್ಲಿ ಕಲ್ಲು, ಇಲ್ಲಿ ಉಕ್ಕು, ಧರ್ಮ ಒಂದೇ.

ಅಲಗುಗಳನ್ನು ಎಷ್ಟು ಮೇಲೆ ಕೂರಿಸಬೇಕೆಂಬ ಪ್ರಶ್ನೆಗೆ ಯಂತ್ರ ಇಳಿಸಿಹೋದ ಕಂಪನಿಯ ಮನುಷ್ಯ ಮೊದಲೇ ಉತ್ತರ ಕೊಟ್ಟಿದ್ದ. ಸೀಳಿನ ತಳಕ್ಕೆ ಮುಟ್ಟುವಂತೆ ಒತ್ತಿದರೆ ಸಾಕು, ಮೂರೂ ತಾವಾಗಿ ಸಮಕ್ಕೆ ಬರುತ್ತವೆ, ಅಳೆಯುವ ಅಗತ್ಯವಿಲ್ಲ. ಮೌನೇಶ ಹಾಗೆಯೇ ಮಾಡಿದ. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಅಲಗು ಕೂರಿಸುವ ಮೊದಲೇ ಕಾಳಪ್ಪ ಪ್ರತಿ ಹತ್ಯಾರಕ್ಕೂ ಮಾಡುವಂತೆ ಪೂಜೆ ಮಾಡಿದ್ದ, ಊದುಬತ್ತಿ ಬೆಳಗಿದ್ದ.

ಮನಗೂಳಿಯ ಗೌಡರ ಮನೆಗೆಂದು ಹೆರೆದ ಬಾಗಿಲು ವಾರದೊಳಗೆ ಬಂಡಿಯಲ್ಲಿ ಮರಳಿ ಬಂತು. ಜೊತೆಗೆ ಗೌಡರೂ ಬಂದಿದ್ದರು. ಹಲಗೆಯ ಮೈ ತುಂಬ ಅಡ್ಡಡ್ಡ ಅಲೆಗಳೆದ್ದಿದ್ದವು. ಗೌಡರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ನೋವಿನ ಸಂಗತಿ.

"ಕಾಳಪ್ಪ, ಬಾಗಲಾ ಚೊಲೊ ಐತಿ" ಎಂದರು. "ಅರಬಿ ಒಗಿಯಾಕ ಇನ್ನೂ ಚೊಲೊ."

ಕಾಳಪ್ಪ ಆ ದಿನವೇ ಯಂತ್ರ ಒಯ್ಯಲು ಲಾರಿ ಕಳಿಸಿರೆಂದು ಮಾರಿದವರಿಗೆ ಹೇಳಿಕಳಿಸಿದ. ಮುಂದಿನ ಮಂಗಳವಾರ ಬರುತ್ತೇವೆಂದು ಉತ್ತರ ಬಂತು.

ಇನ್ನು ಕಾರಣಗಳ ಸುಗ್ಗಿ. ಬೇವು ಮೊಂಡ ಮರವೆಂದು ಒಬ್ಬರು, ಕರೆಂಟಿಗೆ ಶಕ್ತಿ ಸಾಲದೆಂದು ಇನ್ನೊಬ್ಬರು. ಕಾಳಪ್ಪನಿಗೆ ಈ ಯಾವುದೂ ಬೇಕಿರಲಿಲ್ಲ. ಆ ಬಾಗಿಲನ್ನು ಅವಸರದಲ್ಲಿ ಹೆರೆದದ್ದು ಒಂದು ಸೋಮವಾರ, ಅವನು ಊರಲ್ಲಿಲ್ಲದಾಗ.

"ಸೋಮವಾರ ಎತ್ತಿನ ಕೊಳ್ಳಿಗಿ ನೊಗಾ ಇಡೂದಿಲ್ಲ ಈ ಊರಾಗ" ಎಂದು ಮಗನಿಗೆ ಹೇಳಿದ. "ನೀ ಕಬ್ಬಿಣದ ಎತ್ತಿಗಿ ಇಟ್ಟಿ. ಅದು ಒದೀದ ಏನ ಮಾಡತೈತಿ?"

"ಅದು ಎತ್ತಲ್ಲ ಕಾಳಪ್ಪ, ಅದಕ್ಕ ಜೀವಾ ಇಲ್ಲ" ಎಂದೆ ನಾನು.

"ಜೀವಾ ಇಲ್ದಿದ್ರ ಮೊದಲಿಗಿ ಅಷ್ಟ ಚೊಲೊ ಹೆಂಗ ದುಡೀತು, ಮಲ್ಲಣ್ಣಾ?"



ಸೋಮವಾರದ ಬಿಡುವಿನ ಬಗ್ಗೆ ನನ್ನದೊಂದು ಸ್ವಂತ ಸಂದೇಹವಿದೆ, ಇಲ್ಲಿಯೇ ಹೇಳಿಬಿಡುತ್ತೇನೆ. ಬಸವನ ವಾರವಾದ್ದರಿಂದ ಎತ್ತು ಹೂಡುವುದಿಲ್ಲವೆಂದು ನಮ್ಮ ಸೀಮೆಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಮೊದಲು ಬಂದದ್ದು ದೇವರೋ ಬಿಡುವೋ? ಯಾವನೋ ಒಬ್ಬ ಒಕ್ಕಲಿಗ ತನ್ನ ಎತ್ತಿನ ಹೆಗಲ ಮೇಲಿನ ಹುಣ್ಣನ್ನು ಕಂಡಿರಬೇಕು. ವಾರಕ್ಕೊಂದು ದಿನ ಬಿಟ್ಟರೆ ಮಾಯುತ್ತದೆಂದು ಅರಿತಿರಬೇಕು. ಅದನ್ನು ಊರಿಗೆ ಹೇಳಿದಾಗ ಯಾರೂ ಕಿವಿಗೊಟ್ಟಿರಲಾರರು. ಹುಣ್ಣಿನ ಮಾತಿಗೆ ಯಾರು ಹೆದರುತ್ತಾರೆ? ಅದೇ ಮಾತನ್ನು ದೇವರ ಹೆಸರಿನಲ್ಲಿ ಹೇಳಿದ ಮೇಲೆ ಊರೆಲ್ಲ ನೊಗ ಕೆಳಗಿಟ್ಟಿತು. ಇದಕ್ಕೆ ಪ್ರಮಾಣವೇನೆಂದು ಕೇಳಿದರೆ ನನ್ನ ಬಳಿ ಇಲ್ಲ. ಮೊದಲು ಹೇಳಿದವನನ್ನು ನಾನೂ ಕಂಡಿಲ್ಲ. ಪರರ ಕಥೆಯನ್ನು ನಂಬದವನು ತನ್ನ ಕಥೆಯನ್ನು ಮಾತ್ರ ಎಷ್ಟು ಸಲೀಸಾಗಿ ನಂಬುತ್ತಾನೆಂಬುದಕ್ಕೆ ಇದೊಂದು ಉದಾಹರಣೆಯಾಗಿ ಉಳಿಯಲಿ.

ಅಲೆಗಳ ವಿಷಯದಲ್ಲೂ ನನ್ನದೊಂದು ಸಿದ್ಧಾಂತವಿತ್ತು. ಸಾಣೆ ಹಿಡಿದ ಮೇಲೆ ಮೂರು ಅಲಗುಗಳ ತೂಕ ಬೇರೆಬೇರೆಯಾಗಿದೆ, ಆದ್ದರಿಂದ ಉರುಳೆ ತಿರುಗುವಾಗ ಜೋಲಿ ಹೊಡೆಯುತ್ತದೆ, ಜೋಲಿಯೇ ಅಲೆ. ಎಷ್ಟು ಸುಂದರವಾದ ಸಿದ್ಧಾಂತ! ಲಾರಿ ಬರುವ ಹಿಂದಿನ ದಿನ, ಅಂದರೆ ಸೋಮವಾರವೇ, ನಾನು ಕಾರ್ಖಾನೆಗೆ ನುಗ್ಗಿ ಯಂತ್ರ ಬಿಚ್ಚಬೇಕೆಂದು ಹಟ ಹಿಡಿದೆ.

"ಅಪ್ಪಾ, ಇವತ್ತ ಬಿಚ್ಚಬೌದೇನ?" ಎಂದು ಮೌನೇಶ ಕೇಳಿದ. ಅವನ ದನಿಯಲ್ಲಿ ಆಸೆಗಿಂತ ಹೆಚ್ಚಾಗಿ ಆಯಾಸವಿತ್ತು. ಮುದ್ದೇಬಿಹಾಳಕ್ಕೆ ಒಯ್ಯಬೇಕಾದ ಟ್ರಂಕನ್ನು ಅವನ ಹೆಂಡತಿ ಆಗಲೇ ಬಿಸಿಲಿಗಿಟ್ಟಿದ್ದಳು.

"ಬಿಚ್ಚೂದು ಹೂಡೂದಲ್ಲ" ಎಂದು ಕಾಳಪ್ಪ ತೀರ್ಪು ಕೊಟ್ಟ. "ಎತ್ತಿನ ಮೈ ತೊಳಿಯೂದೂ ಸೋಮವಾರನ."

ಮೂರು ಅಲಗುಗಳು ಹೊರಬಂದೊಡನೆ ನಾನು ಅವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಕ್ಕಸಾಲಿಗ ಗಂಗಾಧರನ ಅಂಗಡಿಗೆ ಓಡಿದೆ. ಮೊಣಕಾಲ ನೋವು ಆಗ ಎಲ್ಲಿತ್ತೋ ನನ್ನ ಹೆಂಡತಿಯೇ ಹೇಳಬೇಕು. ಗಂಗಾಧರ ಬಂಗಾರದ ಬೋರಮಾಳ ಸರ ತೂಗುತ್ತಿದ್ದವನು ನನ್ನ ಗಂಟು ಬಿಚ್ಚಿ ನೋಡಿ ದಂಗಾದ.

"ಇದನ್ನ ಯಾರ ಕೊಳ್ಳಾಗ ಹಾಕಾವ್ರದೀರಿ, ಮಾಮಾ?"

"ನಿನ್ನ ಕೊಳ್ಳಾಗ. ಸುಮ್ನ ತೂಗು."

ಅವನು ಒಂದು ತಟ್ಟೆಯಲ್ಲಿ ಒಂದು ಅಲಗನ್ನೂ ಇನ್ನೊಂದರಲ್ಲಿ ಇನ್ನೊಂದನ್ನೂ ಇಟ್ಟ. ತಕ್ಕಡಿಯ ಮುಳ್ಳು ನಡುವೆ ನಿಂತಿತು. ಅದಲುಬದಲು ಮಾಡಿಸಿದೆ, ನಡುವೆಯೇ ನಿಂತಿತು. ಮೂರನೆಯದನ್ನು ಇಡಿಸಿದೆ. ಮುಳ್ಳು ನನ್ನನ್ನು ಹಂಗಿಸುವಂತೆ ಅಲ್ಲಾಡದೆ ನಿಂತಿತು. ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ಮೌನೇಶನ ಕೈ ಅಷ್ಟು ನೇರ. ನನ್ನ ಸಿದ್ಧಾಂತವನ್ನು ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಮರಳಿ ಬಂದೆ.

ಬಂದು ನೋಡಿದರೆ ಮೌನೇಶ ಉರುಳೆಯ ಪಕ್ಕದಲ್ಲಿ ಮೊಳೆಯೊಂದನ್ನು ಹಿಡಿದು ಕುಳಿತಿದ್ದ. ಕಾಳಪ್ಪ ನಿಂತಿದ್ದ, ಅವನ ಹಣೆಯ ಮೇಲೆ ಹೊಸದಾಗಿ ಹಚ್ಚಿದ ವಿಭೂತಿಯ ಒಂದು ಬೊಟ್ಟು.

ನಾನಿಲ್ಲದಾಗ ನಡೆದದ್ದಿಷ್ಟು. ಖಾಲಿಯಾದ ಸೀಳುಗಳನ್ನು ಮೌನೇಶ ಮೊಳೆಯಿಂದ ಕೆರೆದಿದ್ದ. ಒಂದರ ತಳದಿಂದ ಗಾರೆಯಂತೆ ಗಟ್ಟಿಯಾದ ಬಿಳಿಯ ಪದರ ಎದ್ದು ಬಂತು. ಕಾಳಪ್ಪ ಅದನ್ನು ಬೆರಳಿನಿಂದ ಮುಟ್ಟಿ, ಮೂಸಿ, ಅಭ್ಯಾಸದ ಬಲದಿಂದ ಹಣೆಗೆ ಹಚ್ಚಿಕೊಂಡ. ಹಚ್ಚಿಕೊಂಡ ಮೇಲೆ ಅದು ಏನೆಂಬುದು ಅವನಿಗೆ ಹೊಳೆಯಿತು.

ರಂಧಾಕ್ಕೆ ವಿಭೂತಿ ಹಚ್ಚುವುದು ಅವರ ಮನೆತನದ ಪದ್ಧತಿ. ಆದರೆ ರಂಧಾಕ್ಕೆ ಮರದ ಮೈಯಿದೆ. ಆ ಮೈಯೇ ಅದರ ಹಣೆ. ಈ ಯಂತ್ರಕ್ಕೆ ಹಣೆ ಎಲ್ಲಿ? ಬೀಡಿನ ಮೈಗೆ ಹಚ್ಚಿದರೆ ಎಣ್ಣೆಯ ಜಿಡ್ಡಿನ ಮೇಲೆ ವಿಭೂತಿ ನಿಲ್ಲಲಿಲ್ಲ. ಆದ್ದರಿಂದ ಕಾಳಪ್ಪ ಆಗತಾನೆ ಒರೆಸಿಟ್ಟಿದ್ದ ಅಲಗುಗಳಿಗೇ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದಿದ್ದ, ಬಾಯಿಯ ಕಡೆಗಲ್ಲ, ಕೈ ಕೊಯ್ಯದ ಬೆನ್ನಿನ ಕಡೆಗೆ. ಮೊದಲ ಅಲಗಿಗೆ ಭಕ್ತಿ ದಟ್ಟವಾಗಿತ್ತು. ಉಳಿದವುಗಳಿಗೆ ಬರಬರುತ್ತ ತೆಳುವಾಯಿತು. ಬೆನ್ನಿನ ವಿಭೂತಿ ಸೀಳಿನ ತಳದಲ್ಲಿ ಒಣಗಿ, ಮೊದಲ ಅಲಗನ್ನು ಕೂದಲೆಳೆಯಷ್ಟು ಮೇಲೆತ್ತಿತು. ಅಷ್ಟೇ ಸಾಕಾಯಿತು.

ನನಗೆ ಮೈಯೆಲ್ಲ ಬೆಳಕು ಹರಿದಂತಾಯಿತು. ಅಲಗುಗಳಲ್ಲಿ ಒಂದು ಮಾತ್ರ ತಲೆಯೆತ್ತಿದರೆ ಮರವನ್ನು ಕಡಿಯುವುದು ಅದೊಂದೇ. ಉಳಿದೆರಡು ಅದೇ ವೇಗದಲ್ಲಿ ಸುತ್ತುತ್ತವೆ, ಅಷ್ಟೇ ಗದ್ದಲ ಮಾಡುತ್ತವೆ, ಒಂದು ಸಿಪ್ಪೆಯನ್ನೂ ತೆಗೆಯುವುದಿಲ್ಲ. ಮೂವರು ಹಾಕಬೇಕಾದ ಹೆಜ್ಜೆಯನ್ನು ಒಬ್ಬ ಹಾಕುವುದರಿಂದ ಹೆಜ್ಜೆಗಳ ನಡುವೆ ಅಂತರ ಹೆಚ್ಚಿ ಅಲೆಗಳು ಕಣ್ಣಿಗೆ ಕಾಣುತ್ತವೆ. ಹಾಗಾದರೆ ಮೂರೂ ಕೂಡಿ ಹೆರೆದ ನುಣುಪಿನಲ್ಲಿ ಅಲೆಗಳಿಲ್ಲವೇ? ಇವೆ! ಕೈಗೆ ಸಿಗದಷ್ಟು ಒತ್ತೊತ್ತಾಗಿವೆ. ಜಗತ್ತಿನಲ್ಲಿ ನುಣುಪೆಂಬುದೇ ಇಲ್ಲ, ಒಪ್ಪಂದಕ್ಕೆ ಬಂದ ಒರಟುತನವಿದೆ ಎಂದು ನಾನು ಉತ್ಸಾಹದಿಂದ ವಿವರಿಸತೊಡಗಿದೆ.

"ಮಲ್ಲಣ್ಣಾ" ಎಂದು ಕಾಳಪ್ಪ ತಡೆದ. "ತೂಕ ಏನ ಬಂತು?"

"ಸಮಾ ಬಂತು."

"ಹಂಗಾದ್ರ ಇಬ್ಬರೂ ಕೂಡೇ ಸುಮ್ಮನಿರೋಣು."

ಮೌನೇಶ ಮಾತ್ರ ಸುಮ್ಮನಿರಲಿಲ್ಲ. ಮೂರೂ ಸೀಳುಗಳನ್ನು ಚಿಮಣಿ ಎಣ್ಣೆಯಿಂದ ತೊಳೆದು ಒರೆಸಿದ. ಅಲಗುಗಳನ್ನು ಕೂರಿಸಿ ನಡುವಿನಿಂದ ಬಿಗಿಯುತ್ತ ಹೋದ. ತಳಕ್ಕೆ ಮುಟ್ಟಿದರೆ ಸಾಕೆಂಬ ಕಂಪನಿಯವನ ಮಾತನ್ನು ಈ ಸಲ ಯಾರೂ ನಂಬಲಿಲ್ಲ. ಊರಿನ ಅಜ್ಜಿಯರ ಮಾತನ್ನೆಲ್ಲ ಶಂಕಿಸುವ ನಾನು, ಪ್ಯಾಂಟು ಹಾಕಿದವನ ಮಾತಿಗೆ ಹೇಗೆ ತಲೆಯಾಡಿಸಿದೆನೋ! ಉರುಳೆಯ ಕೆಳಗೆ ನುಣುಪಾದ ಸಾಗವಾನಿಯ ತುಂಡೊಂದನ್ನಿಟ್ಟು, ಅದು ಅಲಗನ್ನು ಸೋಕುವವರೆಗೆ ಮೇಜನ್ನು ಏರಿಸಿ, ಮೌನೇಶ ಉರುಳೆಯನ್ನು ಕೈಯಿಂದ ಮೆಲ್ಲಗೆ ತಿರುವಿದ. ನಾವಿಬ್ಬರು ಮುದುಕರು ಎರಡು ಬದಿಗೆ ಬಗ್ಗಿ ಕಿವಿಗೊಟ್ಟೆವು. ಒಂದನೆಯದು ಮರವನ್ನು ಸವರಿ ಪಿಸುಗುಟ್ಟಿತು. ಎರಡನೆಯದು ಅದೇ ದನಿಯಲ್ಲಿ ಪಿಸುಗುಟ್ಟಿತು. ಮೂರನೆಯದೂ.

"ಮೌನೇಶಾ, ಸ್ವಿಚ್ ಹಾಕು" ಎಂದೆ.

"ಸೋಮವಾರ" ಎಂದ ಕಾಳಪ್ಪ.

"ಕಾಳಪ್ಪ, ನಾಳಿ ಲಾರಿ ಬರತೈತಿ."

"ಬರಲಿ. ಕಬ್ಬಿಣದ್ದಾದರೂ ನನ್ನ ಅಂಗಳದ ಎತ್ತದು. ಇವತ್ತ ಹೂಡೂದಿಲ್ಲ."

ಮಗನ ಭವಿಷ್ಯ ಒಂದು ಸ್ವಿಚ್ಚಿನ ದೂರದಲ್ಲಿದ್ದಾಗ ಈ ಮಾತು! ನಾನು ಸಿಟ್ಟಿನಿಂದ ಮನೆಗೆ ಬಂದೆ. ತಾನು ಹಚ್ಚಿದ ವಿಭೂತಿಯಿಂದಲೇ ಕೆಲಸ ಕೆಟ್ಟದ್ದನ್ನು ಕಣ್ಣಾರೆ ಕಂಡವನು ಅದೇ ನಂಬಿಕೆಯ ಇನ್ನೊಂದು ಕೊಂಬೆಗೆ ಜೋತುಬಿದ್ದಿದ್ದಾನಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ.

"ಇವತ್ತ ಬಿಡುವು ಇದ್ದದ್ದಕ್ಕ ಅಲ್ಲೇನ್ರಿ ನೀವು ಬಿಚ್ಚಿ ನೋಡಿದ್ದು?" ಎಂದಳು ಅವಳು. "ದಿನಾ ಓಡೂ ಮಷಿನ್ನ ಯಾರು ಬಿಚ್ಚತಾರ?"



ಮಂಗಳವಾರ ನಾನು ಹೋಗುವಷ್ಟರಲ್ಲಿ ಲಾರಿ ಬಂದು ನಿಂತಿತ್ತು. ಡ್ರೈವರ್ ಹುಸೇನಸಾಬ ಹಗ್ಗ ಇಳಿಸುತ್ತಿದ್ದ. "ಲಗೂ ಎತ್ತೋಣ ನಡೀರಿ, ಇಂಡಿಗಿ ಹೋಗೂದೈತಿ" ಎಂದ. ಮೌನೇಶ ಅವನ ಮುಖ ನೋಡದೆ ಬೇವಿನ ಹಲಗೆಯೊಂದನ್ನು ಎಡಗೈಯಲ್ಲಿ ಎತ್ತಿಕೊಂಡ. ಅದೃಷ್ಟಕ್ಕೆ ಕರೆಂಟಿತ್ತು. ಯಂತ್ರ ಗುಡುಗಿ, ಏರಿ, ಒಂದು ಸ್ವರದಲ್ಲಿ ನಿಂತಿತು. ಬಯ್ಗುಳವಿರಲಿಲ್ಲ; ಹಾಡೇ. ಹಲಗೆ ಒಳಗೆ ಹೋಯಿತು. ಅದು ಹೊರಬರುವಷ್ಟರಲ್ಲಿ ನಾನು ಆ ಬದಿಗೆ ಓಡಿ ನಿಂತಿದ್ದೆ.

ಕಾಳಪ್ಪ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದ. ಕಣ್ಣು ಮುಚ್ಚಿ ಅಂಗೈಯನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದ. ಅದನ್ನು ತಿರುಗಿಸಿ, ಅಂಗೈಗೆ ವಂಚನೆಯಾಗಿರಬಹುದೆಂಬಂತೆ ಉಗುರಿನಿಂದ ಎಳೆದ. ಮೌನೇಶ ತಂದೆಯ ಬೆರಳುಗಳನ್ನೇ ನೋಡುತ್ತಿದ್ದ. ಹುಸೇನಸಾಬ ಕೂಡ ಹಗ್ಗ ಬಿಟ್ಟು ಬಂದು ನಿಂತಿದ್ದ.

ಚೆನ್ನಾಗಿದೆಯೆಂದು ಕಾಳಪ್ಪ ಹೇಳಲಿಲ್ಲ. ತಾನು ತಪ್ಪಿದೆನೆಂದೂ ಹೇಳಲಿಲ್ಲ. ಹಲಗೆಯನ್ನು ಗೋಡೆಗೆ ಒರಗಿಸಿ, ಮಗನ ಕಡೆ ತಿರುಗದೆಯೇ, "ಇನ್ನೊಂದ ಹಾಕು" ಎಂದ.

ಮೌನೇಶ ಇನ್ನೊಂದನ್ನು ಹಾಕಿದ. ಕಾಳಪ್ಪ ಅದನ್ನೂ ಮುಟ್ಟಿ, ಉಗುರೆಳೆದು, ಮತ್ತೊಂದು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ಹುಸೇನಸಾಬ ಯಾರೂ ಹೇಳದೆಯೇ ಹಗ್ಗವನ್ನು ಸುತ್ತಿ ಲಾರಿಯೊಳಗೆ ಎಸೆದು, "ಚಾ ಆದ್ರೂ ಕುಡಸ್ರಿ" ಎಂದು ಮಂಚದ ಮೇಲೆ ಕುಳಿತ.

ಅಂದಿನಿಂದ ನಾನು ಯಾರ ಬಾಯಿಂದಲೂ ಒಪ್ಪಿಗೆಯ ಮಾತನ್ನು ನಿರೀಕ್ಷಿಸುವುದನ್ನು ಬಿಟ್ಟಿದ್ದೇನೆ. ಸಂದೇಹಪಡುವವನು ಸೋತನೆಂದು ಎಂದೂ ಹೇಳುವುದಿಲ್ಲ. ಇನ್ನೊಂದು ಹಲಗೆ ಕೇಳುತ್ತಾನೆ. ಕೇಳುತ್ತಲೇ ಇದ್ದಾನೆಂದರೆ ಕೆಲಸ ನಡೆಯುತ್ತಿದೆಯೆಂದು ಅರ್ಥ.